ಯೋಗ್ಯತೆಯ ಅಳತೆಗೋಲು

ಕಳೆದ ವರ್ಷ ನಮ್ಮ ಹಳೆಯ ಶಿಷ್ಯನೊಬ್ಬನ ಪತ್ನಿ ಮಗಳನ್ನು ಕರೆದುಕೊಂಡು ನಮ್ಮ ಮನೆಗೆ ಬಂದಿದ್ದರು. ಹುಡುಗಿ ತನ್ನ ಹಳ್ಳಿಯ ಕಾಲೇಜಿಗೆ ಮೊದಲಿಗಳು. ಆದರೆ ಸಿಇಟಿ ಪರೀಕ್ಷೆಯಲ್ಲಿ ಅವಳ ರ್‍ಯಾಂಕು ಬಹು ಹಿಂದೆ ಬಿದ್ದಿತ್ತು. "ಇವಳು ಜಾಣೆಯೋ ದಡ್ಡಿಯೋ, ಮೇಷ್ಟ್ರೇ, ನೀವೇ ಹೇಳಿಬಿಡಿ" ಎಂದು ತಾಯಿ ಕೇಳಿದರು. ಮಗಳು ತಲೆಯೆತ್ತಲಿಲ್ಲ. ಅಂದು ನಮಗೆ ಉತ್ತರ ಹೊಳೆಯಲಿಲ್ಲ. ಆ ಋಣವನ್ನು ಇಂದು ತೀರಿಸಲೆಳಸುತ್ತೇವೆ.

ಪ್ರಮೇಯವು ಪ್ರಮಾಣಕ್ಕೆ ಅಧೀನವೆಂಬುದು ನಮ್ಮ ಶಾಸ್ತ್ರಕಾರರ ಮತ. ಅಳತೆಯನ್ನು ನಂಬುವ ಮೊದಲು ಅಳೆದ ಕೋಲನ್ನು ನೋಡತಕ್ಕದ್ದು.

ಅಮೆರಿಕದ ಟೆಕ್ಸಸ್ ರಾಜ್ಯದ ಸಂಗತಿಯನ್ನು ಗಮನಿಸಿರಿ. ಪ್ರವೇಶ ಕೊಡುವಾಗ ಜನಾಂಗವನ್ನು ಗಣಿಸಕೂಡದೆಂದು 1996ರಲ್ಲಿ ಮೇಲ್ಮನವಿ ನ್ಯಾಯಾಲಯವೊಂದು ತೀರ್ಪಿತ್ತಿತು. ಮರುವರ್ಷ, 1997ರಲ್ಲಿ, ಅಲ್ಲಿನ ಶಾಸನಸಭೆಯು ಬೇರೊಂದು ಕೋಲನ್ನು ಹಿಡಿಯಿತು: ಪ್ರತಿಯೊಂದು ಪ್ರೌಢಶಾಲೆಯಲ್ಲಿಯೂ ನೂರಕ್ಕೆ ಮೊದಲ 10 ಮಂದಿಗೆ ಸರ್ಕಾರಿ ವಿಶ್ವವಿದ್ಯಾನಿಲಯಗಳಲ್ಲಿ ಪ್ರವೇಶ ದೊರೆಯತಕ್ಕದ್ದು. ಎಂದರೆ, ಬಡ ಊರಿನ ಮಗುವನ್ನು ಸಿರಿವಂತರ ಶಾಲೆಯ ಮಗುವಿನೊಡನೆ ತೂಗದೆ, ಅದೇ ಬೆಂಚಿನ, ಅದೇ ಗುರುಗಳ ಶಿಷ್ಯರೊಡನೆ ತೂಗಿದರು. ಈ ಕೋಲೂ ನಿರ್ದುಷ್ಟವಲ್ಲ. ಉತ್ತಮ ಶಾಲೆಯಲ್ಲಿ ಸ್ವಲ್ಪದರಲ್ಲಿ ತಪ್ಪಿದವನಿಗೆ ಅನ್ಯಾಯವೆಂಬ ಕೂಗೆದ್ದಿತು. ಆಸ್ಟಿನ್ ನಗರದ ವಿಶ್ವವಿದ್ಯಾನಿಲಯವಂತೂ ಈ ಬಗೆಯ ಮಕ್ಕಳಿಂದಲೇ ತುಂಬತೊಡಗಿ, ಅವರ ಪಾಲು ರಾಜ್ಯದ ಮಕ್ಕಳ ಸೀಟುಗಳಲ್ಲಿ ನೂರಕ್ಕೆ 75ನ್ನು ಮೀರಬೇಕಾಗಿಲ್ಲವೆಂದು 2009ರಲ್ಲಿ ಶಾಸನವಾಯಿತು.

ನಮ್ಮಲ್ಲಿ ಇಂಜಿನಿಯರಿಂಗ್ ರ್‍ಯಾಂಕಿಗೆ ಪಿಯುಸಿಯ ಅಂಕಗಳು ಅರ್ಧ, ಸಿಇಟಿಯ ಅಂಕಗಳು ಅರ್ಧ. ಎಲ್ಲರಿಗೂ ಒಂದೇ ಕೋಲು. ಅದರ ಕೊರತೆಯನ್ನು ತುಂಬಲೆಂದು, ಹತ್ತನೆಯ ತರಗತಿಯವರೆಗೆ ಗ್ರಾಮಾಂತರದಲ್ಲಿ ಓದಿದವರಿಗೆ ನೂರಕ್ಕೆ 15, ಕನ್ನಡ ಮಾಧ್ಯಮದವರಿಗೆ ನೂರಕ್ಕೆ 5 ಸೀಟುಗಳ ಮೀಸಲುಂಟು. ಆದರೆ ಅದನ್ನು ಅರ್ಜಿಯಲ್ಲಿಯೇ ಕೇಳಿಕೊಳ್ಳಬೇಕು. ಶಾಲೆಯ ವ್ಯಾಸಂಗಪತ್ರವೂ ಬೇಕು. ಆ ತಾಯಿಗೆ ಇದು ತಿಳಿದಿರಲಿಲ್ಲ. ಹುಡುಗಿ ಪರೀಕ್ಷೆಗೆ ಮೊದಲು ಆಶೀರ್ವಾದ ಬೇಡಲು ಬಂದಿದ್ದಳು. ನಾವು ಅಕ್ಷತೆ ಹಾಕಿ ಕಳುಹಿಸಿದೆವೇ ಹೊರತು ಅರ್ಜಿಯ ಮಾತೆತ್ತಲಿಲ್ಲ. ಮೂವತ್ತು ವರ್ಷ ಮಕ್ಕಳಿಗೆ ಅಂಕ ಹಾಕಿದ ನಮಗೆ ಅಂದು ಎಷ್ಟು ಅಂಕ ಸಲ್ಲಬೇಕೆಂಬುದನ್ನು ವಾಚಕರೇ ನಿರ್ಣಯಿಸಲಿ.

ತಾಯಂದಿರೇ, ನಿಮ್ಮ ಮನೆಯಲ್ಲಿ ಈ ವರ್ಷ ಅರ್ಜಿ ತುಂಬುವ ಮಗುವಿದ್ದರೆ, ಒಂದು ಸಂಜೆ ಜೊತೆಗೆ ಕುಳಿತು ನಿಯಮಗಳನ್ನು ಓದಿಸಿ ಕೇಳಿರಿ. ಆ ಹುಡುಗಿಗೆ ನಮ್ಮ ಉತ್ತರವಿಷ್ಟೆ: ಮಗೂ, ನೀನು ಜಾಣೆ. ಆ ರ್‍ಯಾಂಕು ನಿನ್ನನ್ನು ಅಳೆದುದಕ್ಕಿಂತ ನಿನಗೂ ಪಟ್ಟಣದ ಮಕ್ಕಳಿಗೂ ನಡುವಿನ ದಾರಿಯನ್ನೇ ಹೆಚ್ಚಾಗಿ ಅಳೆದಿದೆ.