"ಹೆಲ್ಪರ್" ಅನ್ನಬ್ಯಾಡ್ರಿ, ಕೆಲಸದಾಕಿ ಅನ್ರಿ

ಮೊನ್ನೆ ಕುಬಸದ ಮನ್ಯಾಗ ಒಬ್ಬ ವೈನಿ ಅಂದ್ರು, "ನಾವೀಗ ಕೆಲಸದಾಕಿ ಅನ್ನೂದಿಲ್ರಿ, ಹೆಲ್ಪರ್ ಅಂತೀವಿ. ಆಕಿಗೂ ಮರ್ಯಾದಿ ಅಲ್ಲೇನ್ರಿ?" ಎಲ್ಲಾರೂ ಹೌದ್ಹೌದು ಅಂದ್ರಿ. ನನಗ ಮಾತ್ರ ಅದು ಒಪ್ಪಿಗಿ ಆಗಲಿಲ್ಲ.

ಸಹಾಯ ಅಂದ್ರ ಏನವಾ? ಬ್ಯಾಸಗ್ಯಾಗ ಹಪ್ಪಳ ಲಟ್ಟಿಸಾಕ ಬಾಜೂ ಮನಿಯವ್ರು ಬರ್ತಾರಲ್ಲ, ಅದು ಸಹಾಯ. ನಾಳೆ ಅವ್ರ ಮನಿ ಸಂಡಿಗಿಗೆ ನಾವು ಹೋಗ್ತೀವಿ, ಮುಯ್ಯಿ ತೀರತು. ಬರಾಕ ಆಗಲಿಲ್ಲಂದ್ರ ಯಾರೂ ರೊಕ್ಕ ಮುರಿಯೂದಿಲ್ಲ. ದಿನಾ ಮುಂಜಾನೆ ಬಂದು ಮುಸುರಿ ತಿಕ್ಕಿ, ಕಸ ಹೊಡದು, ನೆಲ ಒರಸಿ ಹೋಗಾಕಿ ಸಹಾಯಕ್ಕ ಬಂದಿಲ್ಲ. ಮಕ್ಕಳ ಫೀ ಕಟ್ಟಾಕ, ಹೊಟ್ಟಿ ತುಂಬಿಸಾಕ ದುಡಿಯಾಕ ಬಂದಾಳ.

"ಆಳು" ಅನ್ನೂದು ಬಿಟ್ಟಿದ್ದು ಚೊಲೋ ಆತು. ಆಳು ಅಂದ್ರ ಮನುಷ್ಯಾ ಅಂತನೂ ಅರ್ಥ ಐತಿ. ಆಳೆತ್ತರ ಅಂತ ಇವತ್ತಿಗೂ ಅಂತೀವಿ. ಆದ್ರ "ನಮ್ಮನಿ ಆಳು" ಅಂದಾಗ ಮನುಷ್ಯಾ ಹೋಗಿ "ನಮ್ಮದು" ಅನ್ನೂದಷ್ಟ ಉಳೀತಿತ್ತು. ಈಗ "ಹೆಲ್ಪರ್" ಅಂದ್ರ ಆಕಿ ಮಾಡೂ ಕೆಲಸನ ಮರೀ ಆಗ್ತೈತಿ.

ಇದಕ್ಕಿಂತ ಸಿಹಿ ಮಾತು ಇನ್ನೊಂದೈತಿ: "ಮನಿ ಮಗಳಿದ್ದಂಗ." ನಾನೂ ಅಂತಿದ್ದೆ. ಆಕಿ ಜ್ವರ ಬಂದು ನಾಲ್ಕು ದಿನ ಬರಲಿಲ್ಲ, ತಿಂಗಳ ಕೊನಿಗೆ ಆ ರೊಕ್ಕ ಮುರಕೊಂಡೆ. ಆಕಿ ಸಣ್ಣಗ ಕೇಳಿದ್ಳು, "ಅಕ್ಕಾರ, ಮಗಳು ಜ್ವರ ಬಂದು ಮಲಗಿದ್ರ ನಾಲ್ಕು ದಿನ ಊಟಾ ಹಾಕೂದು ಬಿಡ್ತಿದ್ರೇನ್ರಿ?" ನನ್ನ ಬಾಯಾಗ ಮಾತ ಬರಲಿಲ್ಲ. ಆ ರೊಕ್ಕ ಮರುದಿನ ತಿರುಗಿ ಕೊಟ್ಟೆ. ನಾಚಿಕಿ ಮಾತ್ರ ಇನ್ನೂ ತಿರುಗಿ ಹೋಗಿಲ್ಲ.

ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 2011ರಾಗ ಮನೆಗೆಲಸದವರ ಸಲುವಾಗಿನ 189ನೇ ಒಪ್ಪಂದ ಮಾಡಿತು. ವಾರಕ್ಕ ಒಮ್ಮೆ ಕನಿಷ್ಠ 24 ತಾಸು ಸತತ ಬಿಡುವು ಕೊಡಬೇಕು ಅಂತ ಅದರಾಗ ಐತಿ. ನಮ್ಮ ಕರ್ನಾಟಕದಾಗೂ ಮನೆಗೆಲಸಕ್ಕ ಸರ್ಕಾರ ಕನಿಷ್ಠ ಕೂಲಿ ಗೊತ್ತು ಮಾಡೇತಿ. ಇವೆಲ್ಲಾ ಕೆಲಸಗಾರರ ಹಕ್ಕು. ಸಹಾಯ ಮಾಡಾವ್ರಿಗೆ ಯಾವ ಕಾಯ್ದೆ ಪಗಾರ ಕೊಡಸತೈತಿ ಹೇಳ್ರಿ?

ಮರ್ಯಾದಿ ಕೊಡೂದಿದ್ರ ಆಕಿಗೆ ಅವ್ವ ಅಪ್ಪ ಇಟ್ಟ ಹೆಸರೈತಿ, ಅದರಿಂದ ಕರೀರಿ. ಬ್ಯಾರೆಯವ್ರ ಮುಂದ "ನಮ್ಮಲ್ಲೆ ಕೆಲಸಾ ಮಾಡ್ತಾರ" ಅನ್ರಿ. ವಾರಕ್ಕೊಂದು ಸೂಟಿ ಕೊಡ್ರಿ, ಜ್ವರದ ದಿನದ ಪಗಾರ ಮುರೀಬ್ಯಾಡ್ರಿ. ಇಷ್ಟು ಮಾಡಾಕ ಆಗೂದಿಲ್ಲಂದ್ರ, ಅವ್ವಾರ, ಇಂಗ್ಲಿಷ್ ಹೆಸರೊಂದ ಕೊಟ್ಟು ಏನ್ ಉಪಯೋಗ?