ವುಝೂ ನೀರಿಗೆ ಬೇರೆ ಪೈಪು

ನಾಳೆ ಫಜ್ರ್ ನಮಾಝಿಗೆ ವುಝೂ ಮಾಡುವಾಗ ನಲ್ಲಿಯ ಕೆಳಗೆ ಒಂದು ಬಕೆಟ್ ಇಟ್ಟು ನೋಡಿ. ನಾನು ಇಟ್ಟಿದ್ದೆ. ಆರು ಲೀಟರಿಗೂ ಹೆಚ್ಚು ನೀರು ಬಿದ್ದಿತ್ತು. ನೀರಿನ ವಿಷಯದಲ್ಲಿ ನಾನು ಬಹಳ ಜಾಗ್ರತೆ ಎಂದುಕೊಂಡಿದ್ದವನು! ಪ್ರವಾದಿಯವರು(ಸ) ಒಂದು ಮುದ್ದ್ ನೀರಿನಲ್ಲಿ ವುಝೂ ಮಾಡುತ್ತಿದ್ದರೆಂದು ಹದೀಸ್‌ಗಳಲ್ಲಿದೆ. ಇಂದಿನ ಲೆಕ್ಕದಲ್ಲಿ ಅದು ಹೆಚ್ಚೆಂದರೆ ಒಂದು ಲೀಟರಿನ ಆಸುಪಾಸು.

ಅಭ್ಯಾಸ ತಿದ್ದಿಕೊಳ್ಳಬೇಕು, ನಿಜ. ಆದರೆ ತಪ್ಪೆಲ್ಲ ನಮ್ಮ ಕೈಯದ್ದಲ್ಲ, ಕಟ್ಟಡದ್ದೂ ಇದೆ. ಆ ನೀರಿನಲ್ಲಿ ಸಾಬೂನಿಲ್ಲ, ಎಣ್ಣೆಯಿಲ್ಲ. ಆದರೂ ಅದು ಹೋಗಿ ಸೇರುವುದು ಶೌಚಾಲಯದ ಕೊಳೆಗೆ. ಏಕೆಂದರೆ ಕಟ್ಟುವಾಗಲೇ ಎಲ್ಲವನ್ನೂ ಒಂದೇ ಪೈಪಿಗೆ ಜೋಡಿಸಿರುತ್ತಾರೆ. ನಮ್ಮ ಮನೆಯಲ್ಲೂ ಹಾಗೆಯೇ. ಅಂದು ಕೆಲವು ಅಡಿ ಪೈಪು ಸಾಕಿತ್ತು, ಇಂದು ಟೈಲ್ಸ್ ಒಡೆಯಬೇಕು.

ಮನೆ ಕಟ್ಟಿಸುತ್ತಿರುವವರು, ಮಸೀದಿ ಕಮಿಟಿಯವರು ಮೇಸ್ತ್ರಿಗೆ ಈಗಲೇ ಹೇಳಿ: ವುಝೂ ಮಾಡುವ ಜಾಗದ ನೀರು ಬೇರೆ ಪೈಪಿನಲ್ಲಿ ತೆಂಗು, ಬಾಳೆಯ ಬುಡಕ್ಕೆ ಹೋಗಲಿ. ಅದನ್ನು ತೊಟ್ಟಿಯಲ್ಲಿ ಕೂಡಿಡಬೇಡಿ. ಒಂದೆರಡು ದಿನದಲ್ಲೇ ನಾರತೊಡಗುತ್ತದೆ.

ಕ್ಯೂರಿಂಗ್ ಬಗ್ಗೆಯೂ ಒಂದು ಮಾತು. ಕಾಂಕ್ರೀಟನ್ನು ಕನಿಷ್ಠ 7 ದಿನ ಒದ್ದೆಯಾಗಿಡಬೇಕು, ಪಿಪಿಸಿ ಸಿಮೆಂಟಾದರೆ 10 ದಿನ. ಇಲ್ಲಿ ಜಿಪುಣತನ ಮಾಡಿದರೆ ಬಿರುಕು ಖಂಡಿತ. ಆದರೆ ಕಂಬಕ್ಕೆ ಪೈಪು ಹಿಡಿದರೆ ನೀರೆಲ್ಲ ಜಾರಿ ಮಣ್ಣು ಸೇರುತ್ತದೆ. ಗೋಣಿಚೀಲ ಸುತ್ತಿ ನೆನೆಸಿ, ಮೇಲೆ ಪ್ಲಾಸ್ಟಿಕ್ ಹಾಳೆ ಕಟ್ಟಿದರೆ ತೇವ ಬಹಳ ಹೊತ್ತು ನಿಲ್ಲುತ್ತದೆ. ತಾರಸಿಯಲ್ಲಿ ಕಟ್ಟೆ ಕಟ್ಟಿ ನೀರು ನಿಲ್ಲಿಸುವ ಬದಲು ಅಲ್ಲೂ ಒದ್ದೆ ಗೋಣಿ ಹಾಸಬಹುದು. ಡೆಂಗಿ ಸೊಳ್ಳೆ ಮೊಟ್ಟೆಯಿಡುವುದು ಇಂಥ ನಿಂತ ತಿಳಿನೀರಿನಲ್ಲೇ. ಮರಿ ಹಾರಲು ಒಂದು ವಾರ, ಹತ್ತು ದಿನ ಸಾಕು, ಅಂದರೆ ಕ್ಯೂರಿಂಗ್ ಮುಗಿಯುವಷ್ಟರಲ್ಲಿ! 2024ರ ಮಾರ್ಚ್‌ನಲ್ಲಿ ಬೆಂಗಳೂರು ಜಲಮಂಡಳಿ ಕುಡಿಯುವ ನೀರನ್ನು ಕಟ್ಟಡದ ಕೆಲಸಕ್ಕೆ ಬಳಸಿದರೆ 5,000 ರೂಪಾಯಿ ದಂಡ ಎಂದಿತ್ತು. ಮನೆ ಕಟ್ಟುವವರು ಅಂಥ ಬೇಸಿಗೆಯನ್ನು ಕಾಯಬೇಕೇ?

ನಮ್ಮಂತೆ ಕಟ್ಟಿ ಮುಗಿಸಿದವರು ನಲ್ಲಿಯ ತುದಿಗೆ ಏರೇಟರ್ ಹಾಕಿಸಿಕೊಳ್ಳಬಹುದು. ಗಾಳಿ ಬೆರೆತು ಬರುವುದರಿಂದ ಕಡಿಮೆ ನೀರಿನಲ್ಲೇ ಕೈಕಾಲು ಚೆನ್ನಾಗಿ ತೊಳೆಯುತ್ತದೆ. ನಾವೂ ಹಾಕಿಸಿದ್ದೇವೆ. ಬಕೆಟ್ ಮಾತ್ರ ಇನ್ನೂ ಅಲ್ಲೇ ಇದೆ, ಹಿತ್ತಲ ಬಾಳೆಗೆ ಈಗ ಅದರದ್ದೇ ನೀರು.