ಒಲೆ ಹೊತ್ತದಿದ್ದಾಗ

ಕಾರವಾರ, ಅಂಕೋಲಾ ಸೀಮೆಯಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ. ಅದರ ಬಹುಭಾಗ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುರಿಯುವುದರಿಂದ ಆಗ ಸೌದೆಯೊಲೆ ಹೊತ್ತಿಸುವುದೇ ಗೃಹಿಣಿಯರಿಗೊಂದು ಪರೀಕ್ಷೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ‘ಅಸ್ತ್ರ’ ವಿಭಾಗವು ರೂಪಿಸಿದ, ಹೊಗೆಕೊಳವೆಯುಳ್ಳ ಮೂರು ಪಾತ್ರೆಯ ಅಸ್ತ್ರ ಒಲೆಯೂ ಇದಕ್ಕೆ ಹೊರತಲ್ಲ.

ಹೊಗೆಯು ಕೊಳವೆಯನ್ನೇರದೆ ಅಡುಗೆಮನೆಗೆ ಮರಳುತ್ತಿದ್ದರೆ ಮೊದಲು ಜಾಲರಿಯ ಕೆಳಗಿನ ಬೂದಿಯನ್ನು ತೆಗೆಯಿರಿ. ಉರಿಗೆ ಬೇಕಾದ ಗಾಳಿ ಬರುವುದು ಅಲ್ಲಿಂದಲೇ. ಬಳಿಕ ಕೊಳವೆಯೊಳಗಿನ ಮಸಿಯನ್ನು ಕೆರೆದು ಶುಚಿಗೊಳಿಸಿರಿ. ಮೂರು ಪಾತ್ರೆಗಳೂ ಸಂದಿಲ್ಲದಂತೆ ಕುಳಿತಿರಲಿ. ತಣ್ಣಗಿರುವ ಕೊಳವೆಯು ಹೊಗೆಯನ್ನು ಮೇಲಕ್ಕೆ ಸೆಳೆಯದು. ಒಂದು ಹಿಡಿ ಒಣ ತೆಂಗಿನ ಗರಿಯನ್ನು ಉರಿಸಿ ಅದನ್ನು ಬಿಸಿ ಮಾಡಿಕೊಳ್ಳಿರಿ. ಹಸಿ ಸೌದೆಯ ಶಾಖವು ಅದರ ನೀರನ್ನು ಆವಿ ಮಾಡುವುದರಲ್ಲಿಯೇ ವ್ಯಯವಾಗುತ್ತದೆ. ಆದ್ದರಿಂದ ನಾಳೆಯ ಸೌದೆಯನ್ನು ಸಣ್ಣಗೆ ಸೀಳಿ, ಉರಿ ತಗಲದಂತೆ ಇಂದೇ ಅಟ್ಟದ ಮೇಲಿಡಿರಿ.

ಸೋದರಿಯರೇ, ಒಂದು ಮಾತನ್ನು ಮಾತ್ರ ಮರೆಯಬೇಡಿರಿ. ಕೆಂಡವಿರುವ ಒಲೆಗೆ ಸೀಮೆಎಣ್ಣೆ ಸುರಿಯಲೇಬಾರದು. ಅದು ಕ್ಷಣಮಾತ್ರದಲ್ಲಿ ಆವಿಯಾಗಿ ಭುಗಿಲೆದ್ದು, ಕೈಯಲ್ಲಿರುವ ಡಬ್ಬಿಗೂ ಸೆರಗಿಗೂ ಹತ್ತಿಕೊಳ್ಳುತ್ತದೆ. ಒಲೆ ತಡವಾಗಿ ಹೊತ್ತಿದರೆ ಊಟ ತಡವಾದೀತು, ಅಷ್ಟೇ. ಅವಸರಪಟ್ಟರೆ ಜೀವವೇ ಹೋದೀತು.